ಒಲೆಯ ಅರಿವು, ವಿದ್ಯುತ್ತಿನ ವಿದ್ಯೆ: ರನ್ನ ಬೆಳಗಲಿ ಪರಿಸರವನ್ನು ಕುರಿತು

ಶುದ್ಧ ಇಂಧನದ ವೃತ್ತಿಶಿಕ್ಷಣವನ್ನು ಇತ್ತೀಚಿನದೆಂದು ಭಾವಿಸುವುದು ವಾಡಿಕೆ. ಕರ್ನಾಟಕದ ಮಟ್ಟಿಗೆ ಇದು ಸರಿಯಲ್ಲ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. 1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ವಿದ್ಯುತ್ ತಂತ್ರಜ್ಞಾನವು ಅದರ ಆರಂಭದ ವಿಭಾಗಗಳಲ್ಲಿ ಒಂದಾಗಿತ್ತು. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ 'ಅಸ್ತ್ರ' ಹಳ್ಳಿಯ ಒಲೆಯನ್ನೂ ಸಂಶೋಧನೆಯ ವಸ್ತುವಾಗಿಸಿತು.

ಮುಧೋಳ ಸೀಮೆಗೆ ಈ ವಿದ್ಯೆ ದೂರದ್ದೇ ಆಗಿತ್ತು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದುದು 1963ರಲ್ಲಿ. ವಿದ್ಯೆಗಾಗಿ ಊರು ಬಿಡುವುದು ಇಲ್ಲಿ ಹೊಸತಲ್ಲವೆನ್ನಿ. ಹತ್ತನೆಯ ಶತಮಾನದಲ್ಲಿ ಬಳೆಗಾರ ಕುಲದ ರನ್ನನೂ ಅಜಿತಸೇನಾಚಾರ್ಯರನ್ನು ಅರಸಿ ಗಂಗರ ನಾಡಿಗೆ ಹೋದವನೇ.

ಆದರೆ ಊರಲ್ಲೇ ಉಳಿದ ಒಂದು ವಿದ್ಯೆಯಿತ್ತು. ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವವನು ಒಣಗಿದ ಕಬ್ಬಿನ ಸಿಪ್ಪೆಯನ್ನು ಎಷ್ಟು, ಯಾವಾಗ ಹಾಕಬೇಕೆಂಬುದನ್ನು ಪಾಕದ ಬಣ್ಣ, ನೊರೆ, ಸಪ್ಪಳಗಳಿಂದ ತಿಳಿಯುತ್ತಿದ್ದ. ಉರಿ ಹೆಚ್ಚಾದರೆ ಬೆಲ್ಲ ಕಪ್ಪಾಗುವುದು. ಇದನ್ನು ಕಲಿಸಿದ್ದು ಹಿರಿಯನ ಪಕ್ಕದ ಕೆಲವು ಹಂಗಾಮುಗಳು.

ಇಂದು ಈ ಭಾಗದ ಸಕ್ಕರೆ ಕಾರ್ಖಾನೆಗಳು ಅದೇ ಸಿಪ್ಪೆಯನ್ನು ಸುಟ್ಟು, ಹಬೆಯಿಂದ ಟರ್ಬೈನು ತಿರುಗಿಸಿ, ಸಹವಿದ್ಯುತ್ ಉತ್ಪಾದಿಸುತ್ತವೆ. ಸಕ್ಕರೆ ತಂತ್ರಜ್ಞಾನದ ಶಿಕ್ಷಣಕ್ಕೆ ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ. ಬಾಯ್ಲರ್ ನಡೆಸುವವನಿಗೆ ಕಾನೂನು ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿದೆ. ಅಧಿಕ ಒತ್ತಡದ ಹಬೆಯ ಅಪಾಯವನ್ನು ಬಲ್ಲವರು ಇದನ್ನು ಆಕ್ಷೇಪಿಸಲಾರರು. ಆಲೆಮನೆಯ ಉರಿಗಾರನು ಮಾತ್ರ ಅಲ್ಲಿಗೆ ಬಂದರೆ, ಸಿಪ್ಪೆ ಹೊರುವ ಕೂಲಿಯಾಗಿಯೇ ಬರಬೇಕು.