ಕೆಂಗಣ್ಣಿಗೆ ಯಾರ ಹೆಸರು?

ನಮ್ಮೂರಲ್ಲಿ ಇದಕ್ಕೆ ‘ಮದ್ರಾಸ್ ಐ’ ಅಂತಾರೆ. ಮದ್ರಾಸನ್ನೇ ಕಾಣದ ನಮ್ಮಜ್ಜಿಯೂ ಹಾಗೇ ಅಂತಿದ್ರು. 1918ರ ಸುಮಾರಿಗೆ ಎಗ್ಮೋರಿನ ಕಣ್ಣಾಸ್ಪತ್ರೆಯಲ್ಲಿ ಇದನ್ನು ಗುರುತಿಸಿದ್ದಕ್ಕೆ ಆ ಹೆಸರು ಬಂತು ಅಂತ ಹೇಳ್ತಾರೆ. 1819ರಲ್ಲೇ ಶುರುವಾದ ಆಸ್ಪತ್ರೆ ಅದು. ನೋಡಿ, ಬರೆದಿಟ್ಟ ಊರಿಗೇ ರೋಗ ಅಂಟಿಕೊಳ್ತು. ಬಗ್ ಹುಡುಕಿದವನ ತಲೆಗೇ ಬಗ್ ಕಟ್ಟೋದು ನಮ್ಮ ಆಫೀಸಲ್ಲೂ ಇದ್ದದ್ದೇ.

1969ರ ಜೂನ್‌ನಲ್ಲಿ ಘಾನಾದಲ್ಲಿ ಹೊಸದೊಂದು ಕೆಂಗಣ್ಣು ಕಾಣಿಸಿಕೊಂಡಿತು. ಸೋಂಕು ತಗುಲಿದ ಒಂದೇ ದಿನಕ್ಕೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ, ನೀರು, ಊದಿದ ರೆಪ್ಪೆ, ಬಿಳಿಗುಡ್ಡೆಯ ಮೇಲೆ ರಕ್ತದ ಕಲೆ. ಜುಲೈನಲ್ಲಿ ಅಪೊಲೊ 11 ಚಂದ್ರನ ಮೇಲಿಳಿಯಿತಲ್ಲ, ಜನ ಇದಕ್ಕೂ ‘ಅಪೊಲೊ’ ಅಂದುಬಿಟ್ಟರು.

1971ರಲ್ಲಿ ಅದು ಕಲ್ಕತ್ತಕ್ಕೆ ಬಂತು. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಜೀವ ಉಳಿಸಿಕೊಳ್ಳಲು ಭಾರತಕ್ಕೆ ಓಡಿಬಂದಿದ್ದರು. ಅವರ ಹೋರಾಟದ ಘೋಷಣೆ ‘ಜೊಯ್ ಬಾಂಗ್ಲಾ’. ಊರವರು ಕಣ್ಣುಬೇನೆಗೆ ಅದನ್ನೇ ಹೆಸರಿಟ್ಟರು. ಆದರೆ ಅದೇ ಹೊತ್ತಿಗೆ ಸಿಂಗಪುರ, ಜಪಾನ್‌ಗಳಲ್ಲೂ ಇಂಥದೇ ಬೇನೆ ಇತ್ತು. ಅಲ್ಲಿಗೇನು ಇವರು ಹೋಗಿದ್ರಾ? ಕೊನೆಗೆ ಸಿಕ್ಕ ಕಾರಣ ಎಂಟೆರೊವೈರಸ್ 70, ಕಾಕ್ಸಾಕಿ ಎ24 ಎಂಬ ವೈರಸ್‌ಗಳು. ಅವು ಹರಡೋದು ಕೈಯಿಂದ, ಟವೆಲ್ಲಿನಿಂದ, ನೋಟದಿಂದಲ್ಲ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನೇ ವಾಸಿ. ಆ್ಯಂಟಿಬಯೊಟಿಕ್ ಡ್ರಾಪ್ಸ್ ವೈರಸ್ಸಿಗೆ ನಾಟೋದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೆರಾಯ್ಡ್ ಹಾಕ್ಕೊಂಡರೆ ಕಣ್ಣಿಗೇ ಅಪಾಯ. ಜೋರು ನೋವು, ಮಂಜು ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಕಬ್ಬು ಕಡಿಯೋಕೆ ಬಂದ ಗ್ಯಾಂಗಿನ ಹುಡುಗನೊಬ್ಬ ನಮ್ಮ ಶಾಲೆಗೆ ಸೇರಿದ್ದ. ಅವನ ಕಣ್ಣು ಕೆಂಪಾದ ದಿನ ಮೇಷ್ಟ್ರು ಅವನನ್ನು ಜಗಲಿಯಲ್ಲಿ ಕೂರಿಸಿದರು. ಒಬ್ಬೊಬ್ಬರಿಗೇ ಅಂಟಿದಂತೆ ಎಲ್ಲರ ಬಾಯಲ್ಲೂ ಅದು ‘ಗ್ಯಾಂಗ್ ಕಣ್ಣು’ ಆಯ್ತು. ಅವನ ಅಪ್ಪ ಬಂದು ಕೈಮುಗಿದು ಕರಕೊಂಡು ಹೋದ. ಹುಡುಗ ಮತ್ತೆ ಬರಲಿಲ್ಲ.

ಅದಕ್ಕೆ ಎರಡು ದಿನ ಮುಂಚೆ ಜಾತ್ರೆಯಿಂದ ಕಣ್ಣು ಉಜ್ಜಿಕೊಂಡು ಬಂದವನು ನಾನು. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಬಿಡಿಸೋಕಾಗದೆ ಅಜ್ಜಿ ಬಿಸಿನೀರಲ್ಲಿ ಒರೆಸಿ, ನಂದಿಬಟ್ಟಲು ಹೂ ಇಟ್ಟು, ‘ಯಾರಿಗೂ ಹೇಳಬೇಡ ಮಗ’ ಅಂದಿದ್ರು. ಆ ಹುಡುಗ ಕೂರ್ತಿದ್ದದ್ದು ನನ್ನ ಪಕ್ಕದಲ್ಲೇ.