ಪಾಟಲಿಪುತ್ರದಿಂದ ಮೊಳಕಾಲ್ಮೂರಿಗೆ ಎಷ್ಟು ರಾತ್ರಿ?

ಮೊಳಕಾಲ್ಮೂರಿನಿಂದ ಪಾಟ್ನಾಕ್ಕೆ ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಸುಮಾರು 1,480 ಕಿ.ಮೀ. ಬೆಂಗಳೂರಿಗೆ ಹೋಗಿ ವಿಮಾನ ಹತ್ತಿದರೆ ಎರಡೂವರೆ-ಮೂರು ಗಂಟೆ. ಬೆಂಗಳೂರು ಮುಟ್ಟೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು ಬಿಡಿ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲೇ ರನ್‌ವೇ ಇದೆ, ಆದರೆ ಅದು ಡಿಆರ್‌ಡಿಒದ ಪರೀಕ್ಷಾ ಕೇಂದ್ರದ್ದು, ನಮಗೆ ಟಿಕೆಟ್ ಸಿಗಲ್ಲ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ತಾನೇ ದಾರಿ ನೋಡಿಕೊಂಡು ಬಂದು ಇಳಿದದ್ದು ಅಲ್ಲೇ. 2024ರ ಹೊತ್ತಿಗೆ ಅದರ ಹೆಸರು ಪುಷ್ಪಕ್. ರಾವಣನ ಜೊತೆ ಕಾದು ಜಟಾಯು ಬಿದ್ದದ್ದು ನಮ್ಮ ಜಟಿಂಗ ರಾಮೇಶ್ವರ ಬೆಟ್ಟದಲ್ಲೇ ಅನ್ನೋ ಮೊಳಕಾಲ್ಮೂರು ಸೀಮೆಯವರಿಗೆ ಈ ಹೆಸರು ಕೇಳಿ ಏನನ್ನಿಸಿತೋ!

ನಾನು ಹೇಳಹೊರಟ ಪ್ರಯಾಣ ಮಾತ್ರ ಕಾಲ್ನಡಿಗೆಯ ಕಾಲದ್ದು. ಅದೇ ಜಟಿಂಗ ರಾಮೇಶ್ವರ, ಸಿದ್ದಾಪುರ, ಬ್ರಹ್ಮಗಿರಿ, ಈ ಮೂರೂ ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಬ್ರಹ್ಮಗಿರಿಯದನ್ನು ಓದಿದರೆ ಅದು ಶಾಸನಕ್ಕಿಂತ ಹೆಚ್ಚಾಗಿ ಪತ್ರದ ಹಾಗಿದೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸ್ತಾರೆ. ಆಮೇಲೆ ರಾಜನ ಮಾತು ಶುರು. ವಾಟ್ಸಾಪ್ ಫಾರ್ವರ್ಡ್ ಮಾಡುವಾಗ ಮೇಲಿನ ಸಾಲು ಅಳಿಸೋದು ಮರೆತುಹೋಗುತ್ತಲ್ಲ, ಹಾಗೆ ಆ ಕುಶಲಪ್ರಶ್ನೆಯೂ ಕಲ್ಲಿಗೇರಿಬಿಟ್ಟಿದೆ. ಅದರಿಂದಲೇ ಸಂದೇಶ ಬಂದ ದಾರಿ ನಮಗೆ ಗೊತ್ತಾಗೋದು: ರಾಜನಿಂದ ಸುವರ್ಣಗಿರಿಗೆ, ಅಲ್ಲಿಂದ ಇಸಿಲಕ್ಕೆ. ಇಸಿಲ ಅಂದ್ರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಊರು. ಸುವರ್ಣಗಿರಿ ಕೊಪ್ಪಳ ಜಿಲ್ಲೆಯ ಕನಕಗಿರಿ ಅಂತ ಕೆಲವರು, ಕರ್ನೂಲಿನ ಜೊನ್ನಗಿರಿ ಅಂತ ಕೆಲವರು. ಯಾವುದಾದರೂ ನಾಲ್ಕೈದು ದಿನದ ನಡಿಗೆ.

ಪಾಟಲಿಪುತ್ರದಿಂದಾದರೆ? ದಿನಕ್ಕೆ 25 ಕಿ.ಮೀ. ಲೆಕ್ಕ ಹಿಡಿದರೆ, ನೇರ ಗೆರೆಯ ಮೇಲೇ ನಡೆದರೂ ಎರಡು ತಿಂಗಳು. ವಿಂಧ್ಯ ಸುತ್ತಬೇಕು, ನರ್ಮದೆ, ಗೋದಾವರಿ, ಕೃಷ್ಣೆ, ತುಂಗಭದ್ರೆ ದಾಟಬೇಕು. ಮಳೆಗಾಲ ಬಂತೋ, ಹೊಳೆ ಇಳಿಯೋ ತನಕ ಕಾಯಬೇಕು.

ಶಾಸನದಲ್ಲೇ ಒಂದು ಸಂಖ್ಯೆ ಇದೆ, 256. ಬುದ್ಧ ತೀರಿಕೊಂಡು ಅಷ್ಟು ವರ್ಷವಾಗಿತ್ತು ಅಂತ ಮೊದಲು ಕೆಲವರು ಓದಿದ್ದರು. ಬಿಹಾರದ ಸಹಸ್ರಾಮದಲ್ಲಿರೋ ಪಾಠದಲ್ಲಿ ರಾತ್ರಿ ಅನ್ನೋ ಪದವೇ ಇರೋದ್ರಿಂದ, ರಾಜ ಸಂಚಾರದಲ್ಲಿ ಕಳೆದ ರಾತ್ರಿಗಳು ಅಂತ ಈಗ ಬಹುತೇಕ ವಿದ್ವಾಂಸರು ಒಪ್ತಾರೆ. ಅಂದ್ರೆ ಅರಮನೆಯಲ್ಲಿ ಕೂತು ಹೊರಡಿಸಿದ ಆಜ್ಞೆ ಅಲ್ಲ ಇದು. ಎಂಟು ತಿಂಗಳಿಗೂ ಹೆಚ್ಚು ಮನೆ ಬಿಟ್ಟವನ ಮಾತು. ದೂರವನ್ನ ಗಾವುದದಲ್ಲಲ್ಲ, ಮನೆಯ ಹೊರಗೆ ಮಲಗಿದ ರಾತ್ರಿಗಳಲ್ಲಿ ಎಣಿಸಿದ್ದು ನನಗೆ ತುಂಬ ಹಿಡಿಸಿತು.

ಆದರೆ ನನ್ನ ಕಣ್ಣು ನೆಟ್ಟಿದ್ದು ಕೊನೆಯ ಸಾಲಿನ ಮೇಲೆ. ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. 'ಲಿಪಿಕಾರ' ಅನ್ನೋ ತನ್ನ ಕಸುಬಿನ ಪದವನ್ನ ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಇವತ್ತಿನ ಪಾಕಿಸ್ತಾನದ ವಾಯವ್ಯ ಭಾಗದ್ದು. ತಕ್ಷಶಿಲೆ ಇಲ್ಲಿಂದ 2,100 ಕಿ.ಮೀ.ಗೂ ದೂರ, ಈಗ ಬೆಂಗಳೂರಿನಿಂದ ಅತ್ತ ನೇರ ವಿಮಾನವೇ ಇಲ್ಲ. ಚಪಡ ಆ ಕಡೆಯವನೋ, ಅಲ್ಲಿ ಕಲಿತು ಬಂದವನೋ. ಈ ಸೀಮೆಯಲ್ಲಿ ಆ ಪದ ಓದಬಲ್ಲವರು ಅವನನ್ನು ಬಿಟ್ಟು ಎಷ್ಟು ಮಂದಿ ಇದ್ದರು? ಆದರೂ ಬರೆದ.