ಮಲ್ಲಯ್ಯನ ಹಾದಿಯ ಲೆಕ್ಕ

ಹೋಳಿ ಹುಣ್ಣಿಮೆಯ ಆಚೀಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಹೆಗಲ ಮೇಲೆ ಹರಕೆಯ ಕಂಬಿ, ಬಾಯಲ್ಲಿ ಮಲ್ಲಯ್ಯನ ಹೆಸರು, ಕೆಲವರ ಕಾಲಿಗೆ ಮರಗಾಲು. ಯುಗಾದಿಯ ಹೊತ್ತಿಗೆ ನಲ್ಲಮಲ ಬೆಟ್ಟ ಏರಿ ಮಲ್ಲಿಕಾರ್ಜುನನ ಗುಡಿ ಮುಟ್ಟುವಷ್ಟರಲ್ಲಿ ಅವರ ಕಾಲು 400, ದೂರದ ಊರಿನವರಾದರೆ 500 ಕಿ.ಮೀ. ನೆಲ ತುಳಿದಿರುತ್ತದೆ. ಪತ್ರಿಕೆಗಳಲ್ಲಿ ಪ್ರತಿವರ್ಷ ಇದರ ಚಿತ್ರ ಬರುತ್ತದೆ, ಅದರ ಕೆಳಗೆ ಬಿಸಿಲನ್ನೂ ಲೆಕ್ಕಿಸದೆ ಹೊರಟ ಭಕ್ತರು ಎಂಬ ಧಾಟಿಯ ಅಡಿಬರಹ. ಹೊಗಳಿಕೆಯೇ ಆದರೂ ಅದು ನಡೆಯುವವರ ಬುದ್ಧಿಗೆ ಮಾಡಿದ ಅನ್ಯಾಯ. ಈ ನಡಿಗೆಯ ಚರಿತ್ರೆಯನ್ನು ತುಸು ಕೆದಕಿದರೆ ಬಿಸಿಲು, ನೀರು, ಬೆಳದಿಂಗಳು, ಬೆಳೆ, ಕಾಡು, ತೆರಿಗೆ ಎಲ್ಲವನ್ನೂ ಎಣಿಸಿ ಕಟ್ಟಿದ ಯೋಜನೆಯೊಂದು ಕಾಣುತ್ತದೆ. ಅದು ಯಾರೊಬ್ಬರ ಕಾಗದದಲ್ಲೂ ಇಲ್ಲ. ಪಂಚಾಂಗದಲ್ಲಿಷ್ಟು, ಹಾದಿಬದಿಯ ಊರುಗಳಲ್ಲಿಷ್ಟು, ಬೆಟ್ಟದ ಮೆಟ್ಟಿಲುಗಳಲ್ಲಿಷ್ಟು, ಕಾಡಿನ ಚೆಂಚರಲ್ಲಿಷ್ಟು, ಕಂಬಿಯ ಕಟ್ಟಳೆಯಲ್ಲಿಷ್ಟು ಹಂಚಿಹೋಗಿದೆ. ರಾಜ್ಯಗಳು ಎದ್ದು ಬಿದ್ದರೂ ನಡಿಗೆ ನಿಲ್ಲದಿದ್ದುದಕ್ಕೆ ಕಾರಣ ಈ ಹಂಚಿಕೆಯೇ ಎಂದು ನನ್ನ ವಾದ.

ಮೊದಲು ದಿನದ ಆಯ್ಕೆಯನ್ನೇ ನೋಡಿ. ಶಿವಕ್ಷೇತ್ರಕ್ಕೆ ಶಿವರಾತ್ರಿಗೆ ಹೋಗಬೇಕು; ಸುತ್ತಲಿನ ತೆಲುಗು ಜಿಲ್ಲೆಗಳ ಜನ ಹಾಗೆಯೇ ಹೋಗುತ್ತಾರೆ. ಕನ್ನಡಿಗರ ದೊಡ್ಡ ಸಂದಣಿ ಮಾತ್ರ ಒಂದು ತಿಂಗಳು ತಡೆದು ಯುಗಾದಿಗೆ ಬರುತ್ತದೆ. ಮಲ್ಲಯ್ಯನ ಮಡದಿ ಭ್ರಮರಾಂಬೆ ತಮ್ಮ ಮನೆಮಗಳು, ವರ್ಷದ ಹಬ್ಬಕ್ಕೆ ಸೀರೆ ಕುಪ್ಪಸ ಒಯ್ಯುವುದು ತವರಿನವರ ಕರ್ತವ್ಯ ಎಂದು ಭಕ್ತರು ಕಾರಣ ಹೇಳುತ್ತಾರೆ. ಆ ಕಾರಣವನ್ನು ಅಲ್ಲಗಳೆಯಬೇಕಿಲ್ಲ, ಆದರೆ ಅದರ ಬೆನ್ನಿಗೆ ಹೊಲವೂ ನಿಂತಿದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಬಯಲಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮಾಘಮಾಸದಲ್ಲಿ ಇನ್ನೂ ಹೊಲದಲ್ಲೋ ಕಣದಲ್ಲೋ ಇರುತ್ತದೆ. ರಾಶಿ ಮುಗಿದು ಕಾಳು ಮನೆಗೆ ಬರುವ ಹೊತ್ತಿಗೆ ಫಾಲ್ಗುಣ. ಮುಂಗಾರಿ ಬಿತ್ತನೆಗೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಲ. ಈಗ ಹೆಚ್ಚಿನವರು ಮರಳುವುದು ಬಸ್ಸಿನಲ್ಲಿ. ಬಸ್ಸಿಲ್ಲದ ಕಾಲದಲ್ಲಿ ಬಂದಷ್ಟೇ ದೂರ ಮತ್ತೆ ನಡೆಯಬೇಕಿತ್ತು. ಒಂದು ತಿಂಗಳ ಬಿಡುವು ಒಕ್ಕಲಿಗನ ವರ್ಷದಲ್ಲಿ ಇಲ್ಲಿ ಬಿಟ್ಟು ಬೇರೆಲ್ಲಿ ಸಿಕ್ಕೀತು? ಮಳೆಗಾಲ ಮತ್ತು ಅದರ ಬೆನ್ನಿನ ತಿಂಗಳುಗಳಲ್ಲಂತೂ ನಲ್ಲಮಲದ ಚಳಿಜ್ವರ ಕುಖ್ಯಾತವಾಗಿತ್ತು, ಹೊಳೆಗಳು ತುಂಬಿರುತ್ತಿದ್ದವು. ಬೇಸಗೆಯ ಬಿಸಿಲು ಕಷ್ಟವೇ ಸರಿ, ಆದರೆ ಆ ಬಿಸಿಲಿಗೇ ತುಂಗಭದ್ರೆ ಕಾಲುಹೊಳೆಯಾಗುತ್ತದೆ.

ಇನ್ನೊಂದು ಲೆಕ್ಕ ಚಂದ್ರನದು. ಹುಣ್ಣಿಮೆಗೆ ಹೊರಟು ಅಮಾವಾಸ್ಯೆಗೆ ಮುಟ್ಟುವ ನಡಿಗೆ ಎಂದರೆ ಪೂರ್ತಿ ಕೃಷ್ಣಪಕ್ಷದ ನಡಿಗೆ. ಕತ್ತಲೆಯತ್ತ ಸಾಗುವ ಪಕ್ಷವನ್ನು ಯಾರಾದರೂ ಪ್ರಯಾಣಕ್ಕೆ ಆರಿಸಿಕೊಳ್ಳುತ್ತಾರೆಯೇ ಎಂದು ಮೇಲುನೋಟಕ್ಕೆ ಅನಿಸಬಹುದು. ಆದರೆ ಬೇಸಗೆಯಲ್ಲಿ ನಡೆಯುವವರು ಹೊರಡುವುದು ಸಂಜೆಯಲ್ಲ, ಬೆಳಗಿನ ಜಾವ. ಕೃಷ್ಣಪಕ್ಷದ ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟಿ ಬೆಳಗಿನ ಜಾವದಲ್ಲೇ ಆಕಾಶದಲ್ಲಿರುತ್ತಾನೆ. ಬಹುಳ ದಶಮಿಯವರೆಗೂ ಮೂರು ಗಂಟೆಗೆ ಎದ್ದವನಿಗೆ ಹಾದಿ ಕಾಣುತ್ತದೆ. ಬೆಳದಿಂಗಳು ಕೈಬಿಡುವ ಕೊನೆಯ ಕೆಲವು ದಿನಗಳಿಗೆ ನಡಿಗೆ ಬಯಲನ್ನು ದಾಟಿ, ಹೇಗೂ ಹಗಲಲ್ಲೇ ದಾಟಬೇಕಾದ ಕಾಡಿನ ಅಂಚಿಗೆ ಬಂದಿರುತ್ತದೆ. ದಿನಕ್ಕೆ 30 ಕಿ.ಮೀ.ನಂತೆ ನಡೆದರೆ 400 ಕಿ.ಮೀ.ಗೆ ಎರಡು ವಾರ, ಪಕ್ಷವೂ ಅಷ್ಟೇ. ಯಾರೋ ಕುಳಿತು ಇದನ್ನು ಹೀಗೆ ನಿಗದಿ ಮಾಡಿದರು ಎಂಬುದಕ್ಕೆ ಬರಹದ ಆಧಾರ ಇಲ್ಲ, ಇದು ನನ್ನ ಊಹೆ. ಆದರೆ ತಲೆಮಾರುಗಳ ಕಾಲ ನಡೆದು ನೋಡಿದ ಜನಕ್ಕೆ ಹೊಂದಿದ್ದು ಉಳಿಯುತ್ತದೆ, ಹೊಂದದ್ದು ಬಿದ್ದುಹೋಗುತ್ತದೆ.

ಹಾದಿಯ ರೂಪಕ್ಕೆ ಹಳೆಯ ಸಾಕ್ಷಿ ಶ್ರೀಶೈಲದ ನಾಲ್ಕು ದ್ವಾರಗಳು. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಇವು ಗುಡಿಯ ಗೋಪುರಗಳಲ್ಲ. ಬೆಟ್ಟದಿಂದ ಎಷ್ಟೋ ಹರದಾರಿ ದೂರದ ಊರುಗಳು. ಸ್ಥಳಪುರಾಣ ಇವುಗಳಿಗೆ ಮಹಿಮೆ ಹಚ್ಚುತ್ತದೆ. ನಡೆಯುವವನ ಕಣ್ಣಿನಿಂದ ನೋಡಿದರೆ ಇವು ನಾಲ್ಕು ದಿಕ್ಕಿನ ಜನ ಕೂಡಿಕೊಂಡು, ದಣಿವಾರಿಸಿಕೊಂಡು, ಕಾಡಿನ ಪಯಣಕ್ಕೆ ಸಜ್ಜಾಗುವ ನೆಲೆಗಳು. ಕನ್ನಡ ಸೀಮೆಗೆ ಎದುರಾಗುವುದು ಆಲಂಪುರ. ತುಂಗಭದ್ರೆ ಕೃಷ್ಣೆಯನ್ನು ಸೇರುವ ಜಾಗಕ್ಕೆ ಸಮೀಪದ ಈ ಊರಲ್ಲಿ ಏಳನೆಯ ಶತಮಾನದಿಂದ ಬಾದಾಮಿ ಚಾಲುಕ್ಯರು ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದರು. ಆಗಲೇ ಯುಗಾದಿಯ ಪಾದಯಾತ್ರೆ ಇತ್ತೆಂದು ಇದರಿಂದ ಸಾಧಿಸಲಾಗದು. ಮಲಪ್ರಭೆಯ ದಂಡೆಗೂ ಈ ಸಂಗಮಕ್ಕೂ ನಡುವೆ ಶಿಲ್ಪಿಗಳು, ಅಧಿಕಾರಿಗಳು, ಸಾಮಾನು ಓಡಾಡಿದ ದಾರಿಯೊಂದು ಇತ್ತೆಂದು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು. ಯಾತ್ರೆ ಹೊಸ ದಾರಿ ಕಡಿಯಲಿಲ್ಲ, ಇದ್ದ ದಾರಿಗೆ ಬಿದ್ದಿತು.

ಶರಣರ ಕಥೆಗಳನ್ನು ಓದಿದವರು ಇಲ್ಲಿ ತಡೆದು ಕೇಳಬಹುದು: ಅಕ್ಕಮಹಾದೇವಿ ಯಾವ ಯೋಜನೆ ಹಾಕಿಕೊಂಡು ಶ್ರೀಶೈಲದ ಕದಳಿಗೆ ಹೋದಳು? ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟವಳಿಗೆ ತಂಗುದಾಣದ ಚಿಂತೆ ಇತ್ತೇ? ಆಕ್ಷೇಪ ಗಟ್ಟಿಯಾದದ್ದೇ. ಆದರೆ ಅಕ್ಕನ ನಡಿಗೆ ನೆನಪಿನಲ್ಲಿ ಉಳಿದಿರುವುದೇ ಅದು ಎಲ್ಲರ ನಡಿಗೆಯಂತಿರಲಿಲ್ಲ ಎಂಬ ಕಾರಣಕ್ಕೆ. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಸೊನ್ನಲಿಗೆಯ ಬಾಲಕ ಸಿದ್ಧರಾಮ ಮಲ್ಲಯ್ಯನನ್ನು ಕಾಣದೆ ಹಂಬಲಿಸಿ ಪರ್ವತಕ್ಕೆ ಹೋಗುವುದು ಹೇಗೆ? ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಗುಂಪು ಸಿಗುತ್ತದೆ, ಅವರ ಜೊತೆ ಸೇರಿಕೊಳ್ಳುತ್ತಾನೆ. ಕವಿ ಇದನ್ನು ಪವಾಡವೆಂದು ಹೇಳುವುದಿಲ್ಲ. ಆ ಹಾದಿಯಲ್ಲಿ ಗುಂಪು ಸಿಗುವುದು ಅವನ ಓದುಗರಿಗೆ ಸಹಜ ಸಂಗತಿ. ತೆಲುಗಿನ ಪಾಲ್ಕುರಿಕೆ ಸೋಮನಾಥನಂತೂ ತನ್ನ ಪಂಡಿತಾರಾಧ್ಯ ಚರಿತ್ರದಲ್ಲಿ ಪರ್ವತ ಪ್ರಕರಣ ಎಂಬ ಭಾಗವನ್ನೇ ಇಟ್ಟು, ನಾನಾ ದಿಕ್ಕಿನಿಂದ ಹಾಡುತ್ತ ಬರುವ ಶಿವರಾತ್ರಿಯ ಜನಸಮುದಾಯವನ್ನು ಕಣ್ಣಿಗೆ ಕಟ್ಟಿಸಿದ್ದಾನೆ. ಒಂಟಿ ವಿರಾಗಿಯ ಚಿತ್ರ ನಮ್ಮ ಮನಸ್ಸನ್ನು ಹಿಡಿದಿದೆ. ಹಾದಿಯನ್ನು ಸವೆಸಿದವರು ಗುಂಪಿನವರು.

ಮತ್ತೆ ಹಾದಿಗೆ ಬರೋಣ. ಕಾಡಂಚಿನ ಆತ್ಮಕೂರು ದಾಟಿದ ಮೇಲೆ ಯೋಜನೆಯ ನಿಜವಾದ ಪರೀಕ್ಷೆ. ವೆಂಕಟಾಪುರದಿಂದ ಮುಂದೆ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ, 40 ಕಿ.ಮೀ. ಆಸುಪಾಸಿನ ಈ ಕಾಡುದಾರಿಯಲ್ಲಿ ಊರಿಲ್ಲ, ಅಂಗಡಿಯಿಲ್ಲ. ನಾಗಲೂಟಿಯಲ್ಲಿ ವೀರಭದ್ರನ ಗುಡಿ, ಪೆಚ್ಚೆರುವಿನಲ್ಲಿ ಕೆರೆ, ಕೊಳ್ಳದಲ್ಲಿ ನೀರು. ತಂಗುವ ಜಾಗಗಳನ್ನು ನೀರೇ ನಿಶ್ಚಯಿಸಿದೆ. ಕಾಕತೀಯರು ಬಿದ್ದ ಮೇಲೆ 14ನೇ ಶತಮಾನದಲ್ಲಿ ರೆಡ್ಡಿ ರಾಜ್ಯ ಕಟ್ಟಿದ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿ ಹೆಸರಾದ. ವಿಜಯನಗರದ ಅರಸರು ಮಂಟಪ ಕಟ್ಟಿಸಿದರು, 1677ರಲ್ಲಿ ಶಿವಾಜಿ ಬಂದುಹೋದ. ಇಷ್ಟನ್ನು ಮುಂದಿಟ್ಟು, ಯಾತ್ರೆ ಬೆಳೆದದ್ದೇ ಅರಸರ ಆಶ್ರಯದಿಂದ ಎನ್ನುವ ವಾದ ಚರಿತ್ರೆಯ ಪುಸ್ತಕಗಳಲ್ಲಿ ಆಗಾಗ ಕಾಣುತ್ತದೆ. ಕಾಲಾನುಕ್ರಮ ಇದಕ್ಕೆ ಒಪ್ಪುವುದಿಲ್ಲ. ರಾಘವಾಂಕ, ಸೋಮನಾಥ ಇಬ್ಬರೂ ವೇಮಾರೆಡ್ಡಿಗಿಂತ ಮುಂಚಿನವರು. ಅವರ ಕಾವ್ಯಗಳಲ್ಲಿ ಆಗಲೇ ಜನ ಬೆಟ್ಟ ಹತ್ತುತ್ತಿದ್ದಾರೆ. ಯಾರೂ ಹತ್ತದ ಕಡಿದಾದ ದಾರಿಗೆ ಯಾವ ಅರಸನೂ ಕಲ್ಲು ಹಾಸುವುದಿಲ್ಲ. ಅರಸರಿಗೆ ಕೀರ್ತಿ ಬೇಕಿತ್ತು, ಅದನ್ನು ನೋಡುವ ಕಣ್ಣುಗಳು ಆ ದಾರಿಯಲ್ಲಿ ವರ್ಷವರ್ಷವೂ ಸಾಗುತ್ತಿದ್ದವು. ವೇಮಾರೆಡ್ಡಿ ಮಾಡಿದ್ದು ಒಳ್ಳೆಯ ಕೆಲಸವೇ, ಅವನ ಕಲ್ಲಿನ ಮೇಲೆ ಜನ ಇವತ್ತಿಗೂ ಕಾಲಿಡುತ್ತಾರೆ. ಆದರೆ ಅವನು ದಾರಿಯನ್ನು ಸುಧಾರಿಸಿದವನು, ಹುಟ್ಟಿಸಿದವನಲ್ಲ.

ಆಳುವವರಿಗೆ ಈ ನಡಿಗೆ ಎಷ್ಟು ನಂಬಿಕೆಯ ಆದಾಯವಾಗಿತ್ತು ಎಂಬುದಕ್ಕೆ ತೆರಿಗೆಗಿಂತ ಒಳ್ಳೆಯ ಸಾಕ್ಷಿ ಬೇಡ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ 18ರಂದು ಕಾಶಿಗೆ ಹೊರಟು, ಹೋಗುವಾಗ ಶ್ರೀಶೈಲವನ್ನೂ ಕಂಡ. ಅವನ ಕಾಶಿಯಾತ್ರಾ ಚರಿತ್ರೆ ತೆಲುಗಿನ ಮೊದಲ ಪ್ರವಾಸಕಥನಗಳಲ್ಲಿ ಒಂದು. ಭಕ್ತಿಯ ಮಾತಿಗಿಂತ ಅದರಲ್ಲಿ ಹೆಚ್ಚು ಇರುವುದು ಮುಂದಿನ ಮಜಲು ಎಷ್ಟು ದೂರ, ಅಲ್ಲಿ ನೀರು ಉಂಟೋ ಇಲ್ಲವೋ, ಅಂಗಡಿ ಇದೆಯೋ, ದಾರಿ ಕಲ್ಲೋ ಮರಳೋ ಎಂಬ ವಿವರ. ತನ್ನ ಹಿಂದೆ ಬರುವವರಿಗೆ ಬೇಕಾದದ್ದು ಇದೇ ಎಂದು ಆ ಲೋಕಾನುಭವಿಗೆ ಗೊತ್ತಿತ್ತು. ಅವನು ಹೋದದ್ದೂ ಆತ್ಮಕೂರು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳದ ದಾರಿಯಲ್ಲೇ. ಆಗ ಕರ್ನೂಲಿನ ನವಾಬ ಯಾತ್ರಿಕರಿಂದ ತೆರಿಗೆ ವಸೂಲು ಮಾಡುತ್ತಿದ್ದ. ವಸೂಲಿಗೆ ತಕ್ಕಂತೆ ಗುಡಿಯ ನಿಗಾ ಇರಲಿಲ್ಲ ಎಂಬುದು ವೀರಾಸ್ವಾಮಿಯ ದೂರು. 1839ರಲ್ಲಿ ಕಂಪನಿ ಸರ್ಕಾರ ನವಾಬನನ್ನೇ ತೆಗೆಯಿತು. ಅಧಿಕಾರಿಯೊಬ್ಬ ಹಣ ಎಣಿಸಲು ಕುಳಿತುಕೊಳ್ಳಬೇಕಾದರೆ ಜನ ಯಾವ ದಿನ, ಯಾವ ದಾರಿಯಲ್ಲಿ ಬರುತ್ತಾರೆಂದು ಮೊದಲೇ ಖಚಿತವಾಗಿರಬೇಕು. ಭಾವೋದ್ರೇಕದಲ್ಲಿ ಮನಬಂದಾಗ ಹೊರಡುವ ಗುಂಪಿಗೆ ಹಾಗೆ ತೆರಿಗೆ ಹಾಕಲಾಗದು.

ನವಾಬನ ವಸೂಲಿಯ ಜೊತೆಗೆ ಇನ್ನೊಂದು ಪಾವತಿಯೂ ಇತ್ತು, ಅದು ಚೆಂಚರದು. ನಲ್ಲಮಲದ ಈ ಬೇಟೆಗಾರ ಜನ ಯಾತ್ರಿಕರಿಂದ ಕಾಣಿಕೆ ಪಡೆಯುವ ಹಕ್ಕುಳ್ಳವರೆಂದು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. ಬದಲಿಗೆ ಅವರು ದಾರಿ ತೋರಿಸಿ ಕಾವಲು ಕಾಯಬೇಕು. ಇದು ಬೆದರಿಸಿ ಕೀಳುವ ಸುಲಿಗೆಯೇ ಎಂದು ಹೊರಗಿನವರು ಅನುಮಾನಿಸಿದ್ದುಂಟು, ಕೆಲವೊಮ್ಮೆ ಹಾಗೂ ಆಗಿರಬಹುದು. ಆದರೆ ಮಲ್ಲಯ್ಯ ಚೆಂಚರ ಹೆಣ್ಣನ್ನು ಮದುವೆಯಾದ, ಅವರ ಅಳಿಯ ಎಂಬ ಕಥೆಯನ್ನು ಇದರ ಜೊತೆಗಿಟ್ಟು ನೋಡಬೇಕು. ಬಯಲಿನ ಕನ್ನಡಿಗರಿಗೆ ಭ್ರಮರಾಂಬೆ ಮಗಳು, ಕಾಡಿನ ಚೆಂಚರಿಗೆ ಮಲ್ಲಯ್ಯ ಅಳಿಯ. ಬೇರೆ ಬೇರೆ ಸೀಮೆಯ, ಭಾಷೆಯ, ಬದುಕಿನ ಎರಡು ಜನ ಬೀಗರಾಗುವಂತೆ ಕಥೆಯನ್ನು ಹೆಣೆದಿರುವುದರಿಂದ ಕಾಡು ದಾಟುವವನಿಗೆ ರಕ್ಷಣೆ, ಕಾಡಿನವನಿಗೆ ಪಾಲು. ಪುರಾಣಕ್ಕೂ ವ್ಯವಹಾರಕ್ಕೂ ನಡುವೆ ನಾವು ಎಳೆಯುವ ಗೆರೆ ಈ ಹಾದಿಯಲ್ಲಿ ಎಂದೂ ಇರಲಿಲ್ಲ.

ಇನ್ನು ಕಂಬಿ. ಅದನ್ನು ಹರಕೆಯ ವಸ್ತುವೆಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ಕಂಬಿಯ ಹಿಂದೆ ಊರಿದೆ. ಯಾರು ಹೊರಬೇಕು, ಯಾವ ಊರಿನ ಕಂಬಿ ಎಲ್ಲಿ ಇಳಿಯಬೇಕು, ಯಾವ ಮನೆತನ ಪ್ರಸಾದ ಮಾಡಬೇಕು, ಮರಳಿದ ಮೇಲೆ ಐದೇಶಿ ಎಂಬ ಆಚರಣೆ ಯಾವತ್ತು ಎಂಬುದೆಲ್ಲ ರೂಢಿಯಲ್ಲಿ ಗೊತ್ತಾಗಿರುತ್ತದೆ. ಹೊಸಬನೊಬ್ಬ ಕಂಬಿಯ ಹಿಂದೆ ನಡೆದರೆ ಸಾಕು, ನೂರಾರು ಕಿ.ಮೀ. ಹಾದಿಯ ತಿಳಿವಳಿಕೆ ಅವನಿಗೆ ಕೇಳದೆಯೇ ಸಿಗುತ್ತದೆ. ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಇನ್ನೊಂದಿದೆ: ಇವತ್ತು ಕಾಣುವ ಲಕ್ಷಗಟ್ಟಲೆ ಜನ, ಹೆಜ್ಜೆಗೊಂದು ದಾಸೋಹದ ಪೆಂಡಾಲು, ಹಿಂದೆ ಬರುವ ಸಾಮಾನಿನ ಟ್ರ್ಯಾಕ್ಟರು, ರಾಜಕಾರಣಿಗಳ ಬ್ಯಾನರು ಎಲ್ಲ ಈಚಿನವು, ಇದನ್ನು ಹಳೆಯ ಪದ್ಧತಿ ಎನ್ನುವುದು ಹೇಗೆ? ಗಾತ್ರ ಹೊಸದು, ಒಪ್ಪೋಣ. ಆದರೆ ವೀರಾಸ್ವಾಮಿ ಹೆಸರಿಸಿದ ಕಾಡಿನ ನಿಲ್ದಾಣಗಳನ್ನೂ ಈಗ ಜನ ತಂಗುವ ಜಾಗಗಳನ್ನೂ ಹೋಲಿಸಿ ನೋಡಿದರೆ ಅವು ಅವೇ. ಪೆಂಡಾಲಿನ ಉಪಚಾರವೂ ಊರವರು ಮಾಡುತ್ತಿದ್ದ ಉಪಚಾರದ ದೊಡ್ಡ ರೂಪ. ಅಪ್ಪಟ ಹೊಸದೊಂದಿದ್ದರೆ ಅದು ಬ್ಯಾನರು, ಅದನ್ನು ಪರಂಪರೆಯ ಲೆಕ್ಕಕ್ಕೆ ಸೇರಿಸಬೇಕಿಲ್ಲ.

ಈ ಯೋಜನೆಗೆ ನಿಜವಾದ ಪೆಟ್ಟು ಬಿದ್ದದ್ದು ಕಳೆದ ಆರೇಳು ದಶಕಗಳಲ್ಲಿ. 1960ರಲ್ಲಿ ಆರಂಭವಾದ ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು. ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ನಿಲ್ಲಿಸಬೇಕಾಯಿತು. ಕಾಡು ಹುಲಿ ಸಂರಕ್ಷಿತ ಪ್ರದೇಶವಾಗಿ, ಕಾಲುದಾರಿ ಶಿವರಾತ್ರಿ ಮತ್ತು ಯುಗಾದಿಯ ದಿನಗಳಿಗಷ್ಟೇ ತೆರೆಯುತ್ತದೆ. ಹುಲಿಯ ಹಿತಕ್ಕೆ ಆ ಕಟ್ಟುಪಾಡು ಬೇಕು. ಅದರಲ್ಲಿ ಚೆಂಚರ ಹಳೆಯ ಹಕ್ಕಿಗೆ ಜಾಗವಿರದಿದ್ದರೆ ಅದು ತಪ್ಪು. ಬಯಲಿನಲ್ಲಿ ಅಗಲವಾದ ಹೆದ್ದಾರಿ ಹಳೆಯ ಬಂಡಿದಾರಿಯಿಂದ ನಡೆಯುವವರನ್ನು ತನ್ನೆಡೆಗೆ ಎಳೆದುಕೊಂಡಿದೆ. ಹಂಚಿಹೋದ ಯೋಜನೆಗೆ ಇದೇ ಅಪಾಯ: ಹಾದಿ ತಪ್ಪಿದ ಊರು ತನ್ನ ಪಾಲಿನ ನೆನಪನ್ನು ಸದ್ದಿಲ್ಲದೆ ಕಳೆದುಕೊಳ್ಳುತ್ತದೆ. ಮೆಟ್ಟಿಲು ಕಟ್ಟಿಸಿದ ವೇಮಾರೆಡ್ಡಿಯ ಹೆಸರನ್ನು ಚರಿತ್ರೆ ಬರೆದಿಟ್ಟುಕೊಂಡಿದೆ, ನೀರು ಕೊಟ್ಟ ಬಾವಿಯ ಒಡೆಯರ ಹೆಸರನ್ನು ಬರೆದಿಟ್ಟವರಿಲ್ಲ. ಆದ್ದರಿಂದ ಕಂಬಿ ಇರುವ ಊರುಗಳ ಹಿರಿಯರಲ್ಲಿ, ಬಾಗಲಕೋಟೆ, ವಿಜಯಪುರ, ರಾಯಚೂರಿನ ಕಾಲೇಜುಗಳ ಇತಿಹಾಸದ ಅಧ್ಯಾಪಕರಲ್ಲಿ ಒಂದು ಬಿನ್ನಹ: ನಿಮ್ಮ ಊರಿನ ಕಂಬಿ ಎಲ್ಲೆಲ್ಲಿ ಇಳಿಯುತ್ತಿತ್ತು, ಯಾವ ಬಾವಿಯ ನೀರು ಕುಡಿಯುತ್ತಿತ್ತು, ಯಾರ ಮನೆಯಲ್ಲಿ ಉಣ್ಣುತ್ತಿತ್ತು ಎಂಬುದನ್ನು ಮುಂದಿನ ಯುಗಾದಿಯೊಳಗೆ ಬರೆದಿಡಿ.